ಮೀಟರಿನಲ್ಲಿ ಬಲ್ಬೂ ಇಸ್ತ್ರಿ ಪೆಟ್ಟಿಗೆಯೂ ಒಂದೇ, ಹಾಗಾದರೆ ವ್ಯಾಟ್ ಯಾಕೆ ಬೇರೆ?

ಪ್ರಶ್ನೆ: ನಾನು ದ್ವಿತೀಯ ಪಿಯು ವಿದ್ಯಾರ್ಥಿನಿ. ಮನೆಯಲ್ಲಿದ್ದ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಿದೆ. 65 ಓಮ್ ಬಂತು. 750 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಪಿನ್ನಿಗೆ ಹಿಡಿದರೆ 70 ಓಮ್. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದೆ. 230 ವೋಲ್ಟಿಗೆ ಇಸ್ತ್ರಿ ಪೆಟ್ಟಿಗೆಯ ಲೆಕ್ಕ ಸರಿ ಬಂತು, ಬಲ್ಬಿಗೆ ಮಾತ್ರ 814 ವ್ಯಾಟ್ ಬಂತು! ಮೀಟರ್ ಕೆಟ್ಟಿದೆಯಾ, ಸೂತ್ರ ತಪ್ಪಾ? ಹಾಗೇ, ಎಲ್‌ಇಡಿಗೆ ರೋಧ ಎಷ್ಟೆಂದು ಹಾಕಬೇಕು, ಸರ್?

ಉತ್ತರ: ಮೀಟರ್ ಸರಿಯಾಗಿದೆ. ಸೂತ್ರವೂ ಸರಿ. ಆದರೆ ನೀವು ಅಳೆದದ್ದು ತಣ್ಣಗಿರುವ ಬಲ್ಬನ್ನು, ಲೆಕ್ಕ ಹಾಕಿದ್ದು ಉರಿಯುವ ಬಲ್ಬಿಗೆ. ಪುಸ್ತಕ ಮುಚ್ಚಿಟ್ಟು ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದಿದ್ದೀರಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಉರಿಯುವಾಗ ಬಲ್ಬಿನ ರೋಧ ಎಷ್ಟಿರುತ್ತದೆ? 230ರ ವರ್ಗವನ್ನು 60ರಿಂದ ಭಾಗಿಸಿ. ಸುಮಾರು 882 ಓಮ್ ಬರುತ್ತದೆ. ಅಂದರೆ ನಿಮ್ಮ ಮೀಟರ್ ತೋರಿಸಿದ್ದರ ಹದಿಮೂರೂವರೆ ಪಟ್ಟು. ಒಳಗಿರುವುದು ಅದೇ ತಂತಿ, ಅದೇ ಟಂಗ್‌ಸ್ಟನ್. ಆದರೆ ಉರಿಯುವಾಗ ಅದರ ತಾಪ 2,500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿರುತ್ತದೆ. ಲೋಹ ಬಿಸಿಯಾದಷ್ಟೂ ಅದರೊಳಗಿನ ಪರಮಾಣುಗಳು ಜಾಸ್ತಿ ಅದುರುತ್ತವೆ, ಎಲೆಕ್ಟ್ರಾನುಗಳಿಗೆ ದಾರಿ ಸಿಗುವುದು ಕಷ್ಟವಾಗುತ್ತದೆ. ಮೀಟರ್ ಕಳಿಸುವ ಕರೆಂಟ್ ತೀರಾ ಚಿಕ್ಕದು. ಅದರಿಂದ ತಂತಿ ಬೆಚ್ಚಗೂ ಆಗುವುದಿಲ್ಲ.

ಇಸ್ತ್ರಿ ಪೆಟ್ಟಿಗೆಯ ಕಾಯಿಲ್ ನಿಕ್ರೋಮಿನದು. ಈ ಮಿಶ್ರಲೋಹದ ರೋಧ ಬಿಸಿಯಾದರೂ ಬದಲಾಗುವುದು ಬಹಳ ಕಡಿಮೆ. ಜೊತೆಗೆ ಬಲ್ಬಿನ ತಂತಿಯಷ್ಟು ಅದು ಕಾಯುವುದೂ ಇಲ್ಲ. ಅದಕ್ಕೇ ತಣ್ಣಗಿದ್ದಾಗ ಅಳೆದ 70 ಓಮ್ ಕೆಲಸದ ಹೊತ್ತಿನಲ್ಲೂ ನಡೆಯುತ್ತದೆ, ನಿಮಗೆ 756 ವ್ಯಾಟ್ ಸಿಕ್ಕಿತು.

ಆ 814 ವ್ಯಾಟನ್ನೂ ಪೂರ್ತಿ ಸುಳ್ಳು ಅಂತ ತಳ್ಳಿಹಾಕಬೇಡಿ. ಸ್ವಿಚ್ ಹಾಕಿದ ಕ್ಷಣದಲ್ಲಿ ತಂತಿ ಇನ್ನೂ ತಣ್ಣಗಿರುತ್ತದೆ ಅಲ್ವಾ? ಆಗ ಮೂರೂವರೆ ಆಂಪಿಯರ್ ಮಟ್ಟದ ಕರೆಂಟ್ ನುಗ್ಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತಂತಿ ಕಾದು, ಕರೆಂಟ್ 0.26 ಆಂಪಿಯರಿಗೆ ಇಳಿದಿರುತ್ತದೆ. ಹಳೇ ಬಲ್ಬುಗಳು ಸ್ವಿಚ್ ಹಾಕಿದ ಕೂಡಲೇ 'ಟಪ್' ಅಂತ ಹೋಗುತ್ತಿದ್ದದ್ದು ಸುಮ್ನೆ ಅಲ್ಲ. ತಂತಿ ಎಲ್ಲಿ ಸವೆದು ತೆಳುವಾಗಿದೆಯೋ ಆ ಜಾಗ ಈ ನುಗ್ಗುವಿಕೆಗೆ ಮೊದಲು ಕಾದು ಕಡಿದುಹೋಗುತ್ತದೆ.

ಈಗ ಪಾಠಗಳಲ್ಲಿ ಗೊಂದಲವಾಗುವ ಜಾಗಕ್ಕೆ ಬರೋಣ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ. ಇದನ್ನು ಯಾವ ವಸ್ತುವಿಗೆ ಬೇಕಾದರೂ, ಯಾವ ಕ್ಷಣದಲ್ಲಿ ಬೇಕಾದರೂ ಲೆಕ್ಕ ಹಾಕಬಹುದು. ಓಮ್‌ನ ನಿಯಮ ಹೇಳುವುದು ಬೇರೆಯೇ ಮಾತು: ತಾಪ ಬದಲಾಗದಿದ್ದರೆ ಈ ಭಾಗಲಬ್ಧ ವೋಲ್ಟೇಜ್ ಎಷ್ಟೇ ಇದ್ದರೂ ಒಂದೇ ಇರುತ್ತದೆ ಅಂತ. ಗೇಯಾರ್ಗ್ ಓಮ್ 1827ರಲ್ಲಿ ತಮ್ಮ ಪುಸ್ತಕ ಪ್ರಕಟಿಸುವ ಮೊದಲು ಮಾಡಿದ ಪ್ರಯೋಗದಲ್ಲಿ, ಎರಡು ಲೋಹಗಳ ಬೆಸುಗೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಕರೆಂಟ್ ಪಡೆದಿದ್ದರು. ಆಗಿನ ಬ್ಯಾಟರಿಗಳ ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲ. ಅಷ್ಟು ಜೋಪಾನದಿಂದ ಸಿಕ್ಕ ನಿಯಮವನ್ನು ಕೆಂಪಗೆ ಕಾದ ತಂತಿಗೆ ಹಾಗೇ ಹಚ್ಚಲು ಆಗುವುದಿಲ್ಲ.

ಪವರ್ ಲೆಕ್ಕಕ್ಕೆ ನಾನು ಹೇಳುವುದಿಷ್ಟೇ. ವೋಲ್ಟೇಜ್ ಗುಣಿಲೆ ಕರೆಂಟ್, ಇದನ್ನು ಮೊದಲು ಹಿಡಿಯಿರಿ. ಓಮ್‌ನ ನಿಯಮ ಪಾಲಿಸಲಿ, ಬಿಡಲಿ, ಆ ಕ್ಷಣದ ಪವರ್ ಅದೇ. ರೋಧವಿರುವ ಸೂತ್ರ ಬಳಸುವುದಾದರೆ ಆ ಕ್ಷಣದ ರೋಧವನ್ನೇ ಹಾಕಬೇಕು. 60 ವ್ಯಾಟಿನ ಎರಡು ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಹಾಕಿದರೆ ಒಂದೊಂದಕ್ಕೆ 115 ವೋಲ್ಟ್. ಪರೀಕ್ಷೆಯ ಲೆಕ್ಕದ ಪ್ರಕಾರ ಕಾಲು ಭಾಗ, ಅಂದರೆ 15 ವ್ಯಾಟ್. ನಿಜದಲ್ಲಿ ಸುಮಾರು 20 ವ್ಯಾಟ್ ಇರುತ್ತದೆ. ಮಂದವಾಗಿ ಉರಿಯುವ ತಂತಿ ಅಷ್ಟು ಕಾಯುವುದಿಲ್ಲ, ರೋಧ ತಗ್ಗುತ್ತದೆ, ಕರೆಂಟ್ ಅರ್ಧಕ್ಕಿಂತ ಜಾಸ್ತಿಯೇ ಹರಿಯುತ್ತದೆ.

ಎಲ್‌ಇಡಿಗೆ 'ಒಂದು ರೋಧ' ಅಂತ ಹುಡುಕಲೇಬೇಡಿ. ಕೆಂಪು ಎಲ್‌ಇಡಿ 2 ವೋಲ್ಟಿಗೆ 0.02 ಆಂಪಿಯರ್ ತಗೊಳ್ಳುತ್ತದೆ ಅಂದುಕೊಳ್ಳಿ. 100 ಓಮ್ ಅಂತ ಬರೆದಿಟ್ಟುಕೊಂಡರೆ 1 ವೋಲ್ಟಿಗೆ ಅರ್ಧ ಕರೆಂಟ್ ಬರಬೇಕು. ನಿಜವಾಗಿ ಬರುವುದು ಇಲ್ಲವೆನ್ನುವಷ್ಟು. 9 ವೋಲ್ಟಿನ ಬ್ಯಾಟರಿಗೆ ನೇರ ಕೊಟ್ಟರೆ ಲೆಕ್ಕ ಮೀರಿದ ಕರೆಂಟ್ ಹರಿದು ಎಲ್‌ಇಡಿ ಸುಟ್ಟುಹೋಗುತ್ತದೆ. ಹಾಗಾಗಿ ಎಲ್‌ಇಡಿಯ ಜೊತೆ ಸೀರೀಸಿನಲ್ಲಿ ಒಂದು ರೆಸಿಸ್ಟರ್ ಹಾಕಿ, ಎಲ್‌ಇಡಿಯ ಪಾಲಿಗೆ 2 ವೋಲ್ಟ್ ಬಿಟ್ಟುಬಿಡಿ. ಉಳಿದ 7 ವೋಲ್ಟನ್ನು 0.02ರಿಂದ ಭಾಗಿಸಿದರೆ 350 ಓಮ್. ಅಂಗಡಿಯಲ್ಲಿ ಸಿಗುವುದು 330, ಕಿತ್ತಳೆ-ಕಿತ್ತಳೆ-ಕಂದು ಪಟ್ಟಿಯದು. ಆಗ ರೆಸಿಸ್ಟರಿನಲ್ಲಿ ಸುಮಾರು 0.15 ವ್ಯಾಟ್, ಎಲ್‌ಇಡಿಯಲ್ಲಿ ಬರೀ 0.04 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ಸಾಕು.

ಮುಂದಿನ ಅಳತೆಗೆ 230 ವೋಲ್ಟಿನ ತಂಟೆ ಬೇಡ, ದಯವಿಟ್ಟು. ಎರಡು ಸೆಲ್ಲಿನ ಹಳೇ ಟಾರ್ಚಿನ ಫಿಲಮೆಂಟ್ ಬಲ್ಬ್ ತಗೊಳ್ಳಿ. ಒಂದು ಸೆಲ್ ಹಾಕಿ ಕರೆಂಟ್ ನೋಡಿ, ಆಮೇಲೆ ಎರಡು ಹಾಕಿ ನೋಡಿ. ಕರೆಂಟ್ ಎರಡರಷ್ಟಾಗದೆ ಒಂದೂವರೆ ಪಟ್ಟಿನ ಹತ್ತಿರ ನಿಲ್ಲುತ್ತದೆ. ನಿಮಗೆ ಬಂದ ಅಂಕಿಗಳನ್ನು ಬರೆದು ಕಳಿಸಿ, ನೋಡುವ ಆಸೆ ನನಗಿದೆ.