ಹಳೇ ಡೀಸೆಲ್ ಲಾರಿ ಬೆಳಿಗ್ಗೆ ಚಳಿಗೆ ಸ್ಟಾರ್ಟ್ ಆಗಲ್ಲ, ಏನ್ಮಾಡ್ಬೇಕು?

ಸೆಲ್ಫ್ ಹೊಡೀವಾಗ ಮೊದ್ಲು ಸೈಲೆನ್ಸರ್ ನೋಡಿ. ಬಿಳಿ ಹೊಗೆ ಬಂದ್ರೆ ಡೀಸೆಲ್ ಒಳಗೆ ಹೋಗ್ತಿದೆ ಆದ್ರೆ ಉರೀತಿಲ್ಲ, ಹೊಗೆನೇ ಇಲ್ಲಾಂದ್ರೆ ಡೀಸೆಲ್ಲೇ ತಲುಪ್ತಿಲ್ಲ. ಇದ್ರಲ್ಲಿ ಸ್ಪಾರ್ಕ್ ಪ್ಲಗ್ ಇಲ್ವಲ್ಲ, ಗಾಳಿ ಒತ್ತಿದಾಗ ಬರೋ ಬಿಸಿಗೇ ಡೀಸೆಲ್ ಹೊತ್ಕೋಬೇಕು, ಇಂಜಿನ್ ನಿಧಾನಕ್ಕೆ ತಿರುಗಿದ್ರೆ ಆ ಬಿಸಿಯೆಲ್ಲ ತಣ್ಣಗಿರೋ ಸಿಲಿಂಡರ್ ಗೋಡೆಗೆ ಹೋಗ್ಬಿಡುತ್ತೆ. ಅದಕ್ಕೇ ಬಿಳಿ ಹೊಗೆ ಬಂದ್ರೆ ಬ್ಯಾಟರಿ ಚಾರ್ಜ್, ಟರ್ಮಿನಲ್, ಅರ್ತ್ ವೈರ್ ನೋಡಿ, ಹೀಟರ್ ಅಥವಾ ಗ್ಲೋ ಪ್ಲಗ್ (ಸ್ಟಾರ್ಟ್ ಮಾಡೋವಾಗ ಇಂಜಿನ್ ಒಳಗೆ ಬಿಸಿ ಕೊಡೋ ಪ್ಲಗ್) ಇದ್ರೆ ಅದನ್ನೂ. ಹತ್ತು ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೀಬೇಡಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಹೊಡೀರಿ. ಹೊಗೆ ಇಲ್ಲಾಂದ್ರೆ ಡೀಸೆಲ್ ಲೈನಿನ ಹ್ಯಾಂಡ್ ಪಂಪ್ ಒತ್ತಿ ಒಳಗೆ ಸೇರ್ಕೊಂಡಿರೋ ಏರ್ ತೆಗೀರಿ.

ನಮ್ಮ ಕಡೆ ಚಳಿಗೆ ಇಷ್ಟು ಸಾಕು. ಲೇಹ್ ಕಡೆ ಲೋಡ್ ಹೋದ್ರೆ ಕಥೆನೇ ಬೇರೆ, ಡೀಸೆಲ್‌ನಲ್ಲಿರೋ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಕೊಳುತ್ತೆ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆ ಅಂತಾನೇ ವಿಂಟರ್ ಡೀಸೆಲ್ ತಂತು, ಪೋರ್ ಪಾಯಿಂಟ್ ಮೈನಸ್ 33 ಡಿಗ್ರಿ, ಅಂದ್ರೆ ಅಷ್ಟು ಚಳಿವರೆಗೂ ಗಟ್ಟಿಯಾಗದೆ ಹರಿಯುತ್ತೆ. ಟ್ಯಾಂಕಲ್ಲಿರೋ ಮಾಮೂಲಿ ಡೀಸೆಲ್ ಆದಷ್ಟು ಖಾಲಿ ಮಾಡ್ಕೊಂಡು ಅದನ್ನ ಹಾಕಿಸಿ, ಸ್ವಲ್ಪ ಹೊತ್ತು ಓಡಿಸಿ ಆಮೇಲೆ ಆಫ್ ಮಾಡಿ, ಇಲ್ಲಾಂದ್ರೆ ಫಿಲ್ಟರಲ್ಲಿ ಹಳೇದೇ ಉಳ್ದಿರುತ್ತೆ.

ಟ್ಯಾಂಕ್ ಕೆಳಗೆ ಬೆಂಕಿ ಹಾಕೋ ಡ್ರೈವರ್‌ಗಳಿದಾರೆ, ದಯವಿಟ್ಟು ಬೇಡ. ಫಿಲ್ಟರ್‌ಗೆ ಬಟ್ಟೆ ಸುತ್ತಿ ಬಿಸಿನೀರು ಹುಯ್ಯಿರಿ. ಬೇಗ ಸ್ಟಾರ್ಟ್ ಆಗ್ಲಿ ಅಂತ ಗಾಳಿ ಹೋಗೋ ಕಡೆ ಹೊಡಿಯೋ ಈಥರ್ ಸ್ಪ್ರೇನ ಗ್ಲೋ ಪ್ಲಗ್ ಇರೋ ಇಂಜಿನ್‌ಗಂತೂ ಹೊಡೀಲೇಬೇಡಿ, ಒಳಗೇ ಸಿಡಿದು ಪಿಸ್ಟನ್ ಹೋಗುತ್ತೆ.