ಅಕೇಶಿಯಾ ನೆಟ್ಟರೆ ಕಾಡಾಯ್ತಾ?

ಪ್ರಶ್ನೆ: ನಮ್ಮೂರ ಗುಡ್ಡದಲ್ಲಿ ಅಕೇಶಿಯಾ ಬೆಳೆದು ಹಸಿರಾಗಿದೆ. ಹವಾಮಾನ ಬದಲಾವಣೆ ತಡೆಯೋಕೆ ಇದು ಸಾಕಲ್ವಾ? ಹಳ್ಳಿಯವರು ಇನ್ನೇನು ಮಾಡಬಹುದು?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಸಾಲದು. ಅಕೇಶಿಯಾ ಬೇಗ ಬೆಳೆಯುತ್ತದೆ ನಿಜ, ಆದರೆ ಅದನ್ನು ನೆಡುವುದೇ ಕಡಿಯೋಕೆ. ಕಡಿದು ಸೌದೆ ಮಾಡಿದರೆ ಹೀರಿಕೊಂಡ ಇಂಗಾಲ ಮತ್ತೆ ಗಾಳಿಗೇ ಹೋಗುತ್ತದೆ. ಹಳೆಯ ಕಾಡು ಹಾಗಲ್ಲ. ಅಲ್ಲಿ ಮಣ್ಣಿನಲ್ಲೂ ಇಂಗಾಲ ಉಳಿದಿರುತ್ತದೆ, ದರಕು (ಉದುರಿದ ಒಣ ಎಲೆ) ಕೊಳೆತು ಗೊಬ್ಬರವಾಗುತ್ತದೆ, ಮಳೆನೀರು ನಿಧಾನಕ್ಕೆ ಇಂಗುತ್ತದೆ. ಸಿದ್ದಾಪುರದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗು ಕಾಡಿದೆ, ಅಂಥ ಕಾಡು ಒಮ್ಮೆ ಹೋದರೆ ಸಸಿ ನೆಟ್ಟು ವಾಪಸ್ ತರೋಕಾಗಲ್ಲ. ತೋಟಕ್ಕೆ, ಕೊಟ್ಟಿಗೆಗೆ ಬೇಕಾದ ಸೊಪ್ಪಂತೂ ಅಕೇಶಿಯಾದಿಂದ ಸಿಗುವುದಿಲ್ಲ, ಅದು ನಿಮಗೇ ಗೊತ್ತು.

ಹಳ್ಳಿಯವರು ಏನು ಮಾಡಬಹುದು ಅಂದಿರಿ. ನಿಮ್ಮ ತಾಲ್ಲೂಕಿನ ಸಾಲ್ಕಣಿಯವರು 1983ರ ಸೆಪ್ಟೆಂಬರಿನಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹೀಗೆ.

ಇನ್ನು ರಾಜಕೀಯ. ಪಶ್ಚಿಮ ಘಟ್ಟವನ್ನು ಕಾಪಾಡುವ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗಳಿಂದ 2011ರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ ಬಂದವು. ಊರು ಬಿಡಿಸುತ್ತಾರೆ ಅನ್ನೋ ಭಯವೇ ಜಾಸ್ತಿ ಹರಡಿತು, ಆದರೆ ಎರಡೂ ವರದಿಗಳು ಜನರನ್ನು ಒಕ್ಕಲೆಬ್ಬಿಸಿ ಎಂದಿಲ್ಲ. ಗಾಡ್ಗೀಳರಂತೂ ತೀರ್ಮಾನ ಗ್ರಾಮಸಭೆಯಿಂದ ಬರಲಿ ಎಂದಿದ್ದರು. ಈ ಮಾತನ್ನು ಊರೂರಿಗೆ ಸರಿಯಾಗಿ ತಲುಪಿಸದೆ ಇದ್ದದ್ದು ದೊಡ್ಡ ಅನ್ಯಾಯ.

2006ರ ಅರಣ್ಯ ಹಕ್ಕು ಕಾಯ್ದೆ ಸುಮ್ನೆ ಪಟ್ಟಾಕ್ಕಲ್ಲ. ಕಾಡು, ಜಲಮೂಲ ಕಾಪಾಡುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಡುತ್ತದೆ. ಮುಂದಿನ ಸಭೆಗೆ ತಪ್ಪದೆ ಹೋಗಿ, ಕಾಡುಜಾತಿಯ ಸಸಿಗಳನ್ನೇ ನೆಡಬೇಕು ಎಂದು ಠರಾವು ಬರೆಸಿ, ಅದರ ಪ್ರತಿ ಪಡೆಯಿರಿ.