ಬೀರುವಿನ ಬಾಗಿಲಿನ ವೇಳಾಪಟ್ಟಿ

ಕೊಡಗಿನ ಸಿದ್ದಾಪುರದ ಸಮೀಪದಿಂದ ಪತ್ರ ಬರೆದ ತಾಯಿಗೆ,

ನಮಸ್ಕಾರ. ನಿಮ್ಮ ಪತ್ರ ಮಳೆಗೆ ತೊಯ್ದು ಶಾಯಿ ಅಲ್ಲಲ್ಲಿ ಕದಡಿದ್ದರೂ ಓದಲು ಕಷ್ಟವಾಗಲಿಲ್ಲ. ಹತ್ತನೆಯ ತರಗತಿಯ ಮಗಳು ಜೂನ್‌ನಲ್ಲಿ ಬಣ್ಣಬಣ್ಣದ ಸ್ಕೆಚ್ ಪೆನ್ನಿನಲ್ಲಿ ವೇಳಾಪಟ್ಟಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದಳು: ಬೆಳಗಿನ ನಾಲ್ಕೂವರೆಗೆ ಗಣಿತ, ಆರಕ್ಕೆ ವಿಜ್ಞಾನ. ಒಂಬತ್ತನೆಯ ದಿನಕ್ಕೆ ನಿಂತುಹೋಯಿತು. ಈಗ ಕರೆಂಟಿಲ್ಲ, ಮಳೆ ರಜೆಯ ಮೇಲೆ ಮಳೆ ರಜೆ. ‘ಇವಳಿಗೆ ಶಿಸ್ತಿಲ್ಲವೋ, ನನಗೆ ಗದರಿಸಲು ಬರುವುದಿಲ್ಲವೋ’ ಎಂದು ಕೇಳಿದ್ದೀರಿ.

ಎರಡೂ ಅಲ್ಲ. ಅವಳು ಗಡಿಯಾರ ನೋಡಿ ಪಟ್ಟಿ ಬರೆದಳು. ಕೊಡಗಿನಲ್ಲಿ ಕ್ಯಾಲೆಂಡರ್ ನೋಡಿ ಬರೆಯಬೇಕು.

ನಿಮ್ಮದು ರೋಬಸ್ಟಾ ಕಾಫಿ ತೋಟ ಎಂದಿದ್ದೀರಿ. ಕೊಯ್ಲು ಬಿರುಸಾಗುವುದು ಜನವರಿ, ಫೆಬ್ರವರಿಯಲ್ಲಿ. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆಗ ಸಂಜೆ ಕಣದ ಕಾಫಿ ರಾಶಿ ಮಾಡಿ ಟಾರ್ಪಲ್ ಹೊದಿಸಲು ಮಗಳನ್ನು ಕರೆಯುವುದಿಲ್ಲ ಎಂದು ನೀವು ಆಣೆ ಮಾಡಿದರೂ ನಾನು ನಂಬುವುದಿಲ್ಲ. ಆದ್ದರಿಂದ ಕಷ್ಟದ ಪಾಠಗಳ ಜತೆಗಿನ ಗುದ್ದಾಟ ನವೆಂಬರ್, ಡಿಸೆಂಬರ್ ಹೊತ್ತಿನ ಸುಗ್ಗಿಹಬ್ಬ ಪುತ್ತರಿಯೊಳಗೆ ಮುಗಿಯಲಿ. ಕೊಯ್ಲಿನ ತಿಂಗಳುಗಳಿಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದಷ್ಟೇ ಉಳಿಯಲಿ. ಜುಲೈ, ಆಗಸ್ಟಿನ ಈ ಮಳೆ ತಿಂಗಳು ಕಕ್ಕಡದ ರಜೆಗಳೇ ಅವಳ ಬಂಡವಾಳ. ಹಗಲು ಬೆಳಕಿರುವಾಗ ಕಿಟಕಿಯ ಪಕ್ಕ ಎರಡು ಗಂಟೆ ಕೂತರೆ ಸಾಕು. ಕರೆಂಟಿಲ್ಲದಿದ್ದರೆ ಮೊಬೈಲೂ ಸತ್ತಿರುತ್ತದೆ. ಅದನ್ನು ನಾನಂತೂ ನಷ್ಟದ ಲೆಕ್ಕಕ್ಕೆ ಹಾಕುವುದಿಲ್ಲ. ನಾಲ್ಕೂವರೆಯನ್ನು ಮಾತ್ರ ಕೈಬಿಡಿ. ಆನೆ ದಾಟುವ ತೋಟದ ದಾರಿಯಲ್ಲಿ ಬಸ್ಸಿಗೆ ನಡೆಯುವ ಹುಡುಗಿ ನಿದ್ದೆಗಣ್ಣಿನಲ್ಲಿ ಇರಬಾರದು.

ಇನ್ನು ಅವಳು ‘ಒಂದೇ ಪಾಠವನ್ನು ಐದು ಸಲ ಓದುತ್ತಾಳೆ, ಆದರೂ ಮರೆಯುತ್ತಾಳೆ’ ಎಂಬ ದೂರು. ನನ್ನದೇ ಕಥೆ ಹೇಳುತ್ತೇನೆ. ನಾನು ವಿಜ್ಞಾನದ ಪುಸ್ತಕಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಓದುತ್ತಿದ್ದೆ. ನಾಲ್ಕನೆಯ ಓದಿಗೆ ಗೆರೆಯಿಲ್ಲದ ಸಾಲೇ ಉಳಿಯಲಿಲ್ಲ. ಪರೀಕ್ಷೆಯಲ್ಲಿ ಹೃದಯದ ಚಿತ್ರ ಕೇಳಿದರು. ನಾನು ಬಿಡಿಸಿದ್ದು ಬಟರ್‌ಫ್ರೂಟಿನ ಹಾಗಿತ್ತು. ಮೇಲಿನ ಕೋಣೆ ಹೃತ್ಕರ್ಣ ಎಲ್ಲಿ, ಕೆಳಗಿನ ಕೋಣೆ ಹೃತ್ಕುಕ್ಷಿ ಎಲ್ಲಿ ಎಂದು ಹೆಸರಿಸಲು ಹೊರಟರೆ ಕಣ್ಣಮುಂದೆ ಬಂದದ್ದು ಬರೀ ಕೆಂಪು.

ಕಣ್ಣಿಗೆ ಪರಿಚಯವಾದದ್ದೆಲ್ಲ ಕೈಗೆ ಬರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ನೆನಪಿದ್ದಷ್ಟನ್ನು ನೋಡದೆ ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಶೇ. 42, ನೋಡದೆ ಬರೆದವರಿಗೆ ಶೇ. 56. ನಿಮ್ಮ ಮಗಳಿಗೆ ರಾತ್ರಿ ‘ಎಲ್ಲ ಬಂತು’ ಎನ್ನಿಸಿ ಸೋಮವಾರದ ಕಿರುಪರೀಕ್ಷೆಯಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಗಣಿತದಲ್ಲಿ ಬರುವ ಥೇಲ್ಸ್‌ನ ಪ್ರಮೇಯವನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಅದರ ಸಾಧನೆಯನ್ನು, ಅಂದರೆ ಅದು ಸರಿ ಎಂದು ತೋರಿಸುವ ಹಂತಗಳನ್ನು, ಹಳೆಯ ಹಾಳೆಯ ಮೇಲೆ ಬರೆಯಲಿ. ಎಲ್ಲಿ ತಡವರಿಸಿದಳೋ ಅಲ್ಲಿಗೆ ಮಾತ್ರ ಮತ್ತೆ ಪುಸ್ತಕ. ಮೂರು ದಿನ ಬಿಟ್ಟು ಇನ್ನೊಮ್ಮೆ, ಹತ್ತು ದಿನಕ್ಕೆ ಮತ್ತೊಮ್ಮೆ. ಕೇಳುವ ಕೆಲಸ ನಿಮ್ಮದಾಗಲಿ. ‘ಗಣಿತ ನನಗೆ ಬಾರದು’ ಎಂದು ಸಂಕೋಚಪಟ್ಟಿದ್ದೀರಿ. ಬರಬೇಕಾಗಿಯೂ ಇಲ್ಲ, ಪುಸ್ತಕ ನಿಮ್ಮ ಕೈಯಲ್ಲಿದ್ದರಾಯಿತು.

ಅಂಕದ ಆತಂಕಕ್ಕೆ ಎರಡು ಮಾತು. ಪ್ರಥಮ ಭಾಷೆ ಬಿಟ್ಟರೆ ಪ್ರತಿ ವಿಷಯಕ್ಕೆ ಲಿಖಿತ ಪರೀಕ್ಷೆ 80 ಅಂಕಕ್ಕೆ. ಉಳಿದ 20 ಆಂತರಿಕ ಮೌಲ್ಯಮಾಪನದ್ದು. ಮಳೆ ರಜೆಯ ನೆಪದಲ್ಲಿ ಚಟುವಟಿಕೆಗಳನ್ನು ಬಾಕಿ ಉಳಿಸಿಕೊಳ್ಳುವುದು ಬೇಡ. ಮೊದಲ ಪರೀಕ್ಷೆ ಕೈಕೊಟ್ಟರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶವೂ ಇದೆ. ಅದನ್ನು ಅವಳಿಗಿಂತ ಮೊದಲು ನೀವು ನೆನಪಿಟ್ಟುಕೊಳ್ಳಿ.

ಆ ವೇಳಾಪಟ್ಟಿಯನ್ನು ಹರಿಯಬೇಡಿ. ಕಷ್ಟಪಟ್ಟು ಬಣ್ಣ ತುಂಬಿದ್ದಾಳೆ. ಬಿಡಿಸಿ ತೆಗೆದರೆ ಹಿಂಬದಿ ಖಾಲಿ ಇರುತ್ತದೆ. ಹೃದಯದ ಚಿತ್ರಕ್ಕೆ ಅಷ್ಟು ಜಾಗ ಸಾಕು.

ಸಂಪಾದಕ